ಹೆಸರಿಲ್ಲದ ಡಬ್ಬದಲ್ಲಿ ಎರಡು ಕಂಠ

ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ಹಾಡುಗಳನ್ನು ಒಟ್ಟು ಹಾಕಿದ ಸಿ.ಡಿ.ಗಳ ಒಂದು ಡಬ್ಬ ನಮ್ಮ ಮನೆಯ ಷೋಕೇಸಿನಲ್ಲಿ ಬಹಳ ವರ್ಷಗಳಿಂದ ಇದೆ. ಮೈಸೂರಿನ ಒಂದು ಅಂಗಡಿಯಲ್ಲಿ ಅಬ್ಬಾ ಅವರಿಗೆಂದು ಕೊಂಡು ಹುಣಸೂರಿಗೆ ತಂದದ್ದು. ಕಳೆದ ತಿಂಗಳು ನಮ್ಮ ಮಗಳು ಮೊಬೈಲಿನಲ್ಲಿ 'ಎರಡು ಕನಸು' ಚಿತ್ರದ ಹಾಡೊಂದನ್ನು ಹಾಕಿಕೊಂಡು, "ಅಬ್ಬಾ, ರಾಜ್‌ಕುಮಾರ್ ಎಷ್ಟು ಮೆತ್ತಗೆ ಹಾಡಿದ್ದಾರೆ ನೋಡಿ" ಎಂದಳು. ಹಾಡಿದವರು ರಾಜ್‌ಕುಮಾರ್ ಅಲ್ಲ ಎಂದು ಹೇಳಿದರೆ ಅವಳು ನಂಬಲಿಲ್ಲ. ತೋರಿಸೋಣವೆಂದು ಡಬ್ಬ ತೆಗೆದೆವು. ಮುಚ್ಚಳದ ಮೇಲೆ ರಾಜ್‌ಕುಮಾರ್ ಚಿತ್ರ. ಒಳಗಿನ ಹಾಳೆಯಲ್ಲಿ ಹಾಡಿನ ಮೊದಲ ಎರಡು ಪದ, ಸಿನಿಮಾದ ಹೆಸರು. ಅಷ್ಟೆ. ಬರೆದವರು ಯಾರು, ರಾಗ ಹಾಕಿದವರು ಯಾರು, ಯಾವ ಇಸವಿ, ಒಂದೂ ಇಲ್ಲ. ಎರಡೂ ಕಂಠಗಳ ಹೆಸರು ಹೊರಗೆ ಒಂದೇ ಒಂದು ಸಲ, ಕೆಳಗೆ ಸಣ್ಣ ಅಕ್ಷರದಲ್ಲಿ. ಮಗಳು ಗೆದ್ದಳೆಂದೇ ಹೇಳಬೇಕು.

ಈ ಡಬ್ಬವನ್ನು ಇಷ್ಟು ವರ್ಷ ಕೇಳಿದ್ದೇವೆಯೇ ಹೊರತು ಓದಿರಲಿಲ್ಲ. ಓದಲು ಕೂತಾಗ ಇದರ ಕೊರತೆ ಸಣ್ಣದಲ್ಲ ಎನ್ನಿಸಿತು.

ಹಾಡುಗಳನ್ನು ಜೋಡಿಸಿರುವುದು ಜನಪ್ರಿಯತೆಯ ಲೆಕ್ಕದಲ್ಲಿ. ಮೊದಲ ತಟ್ಟೆಯಲ್ಲಿ 1977ರದ್ದು, ಅದರ ಬೆನ್ನಿಗೆ 1961ರದ್ದು, ಆಮೇಲೆ ಮತ್ತೆ ಎಪ್ಪತ್ತರ ದಶಕ. ಮದುವೆ ಮನೆಯಲ್ಲಿ ಹಾಕಲು ಇದು ಸರಿ. ಆದರೆ ಇಬ್ಬರು ಗಾಯಕರ ಇಡೀ ಬದುಕಿನ ದುಡಿಮೆಯನ್ನು ಒಂದು ಡಬ್ಬದಲ್ಲಿಟ್ಟು ಕೊಡುತ್ತೇವೆ ಎಂದು ಹೇಳುವವರು ಕೇಳುಗನಿಗೆ ಕಾಲದ ದಾರಿಯನ್ನಾದರೂ ತೋರಿಸಬೇಕು. ಅಮೆರಿಕದ ಕಾರ್ಪೆಂಟರ್ಸ್ ಅಣ್ಣ-ತಂಗಿಯ ಮೆಲುದನಿಯ ಹಾಡುಗಳ ಡಬ್ಬವೊಂದು 1991ರಲ್ಲಿ ನಾಲ್ಕು ಸಿ.ಡಿ.ಗಳಲ್ಲಿ ಬಂತು. ತಂಗಿ ಕ್ಯಾರೆನ್ ತೀರಿಕೊಂಡು ಆಗ ಎಂಟು ವರ್ಷ. ಹೆಸರಾಗುವುದಕ್ಕಿಂತ ಮುಂಚಿನ ಧ್ವನಿಮುದ್ರಣಗಳನ್ನೂ ಅದರಲ್ಲಿ ಸೇರಿಸಿದ್ದರು. ನಮ್ಮಲ್ಲಿ ಹಾಡಿನ ಮೇಲಿನ ಪ್ರೀತಿಗೇನೂ ಬರವಿಲ್ಲ, ಲೆಕ್ಕ ಇಡುವ ಅಭ್ಯಾಸ ಮಾತ್ರ ಕಡಿಮೆ.

ಡಬ್ಬದ ಹಾಡುಗಳನ್ನು ಇಸವಿಯ ಪ್ರಕಾರ ನಾವೇ ಮತ್ತೆ ಜೋಡಿಸಿ ಕೇಳಿದೆವು. 'ಕಣ್ತೆರೆದು ನೋಡು' 1961ರ ಚಿತ್ರ, ಜಿ.ಕೆ. ವೆಂಕಟೇಶ್ ಅವರ ಸಂಗೀತ. ಬಂಗಾರದ ಒಡವೆಯ ಆ ಯುಗಳಗೀತೆ ಶುರುವಾಗುವುದೇ ಒಂದು ಪ್ರಶ್ನೆಯಿಂದ. ಶ್ರೀನಿವಾಸ್ ಕೇಳುವುದು ಎದುರಿಗೆ ಕೂತವರನ್ನು ಕೇಳಿದಂತೆ, ಸಭೆಗೆ ಕೇಳಿಸಲೆಂದಲ್ಲ. ಜಾನಕಿಯವರ ದನಿ ಆಗ ತೆಳು, ಅವರು ಸಿನಿಮಾಕ್ಕೆ ಹಾಡಲು ಶುರು ಮಾಡಿ ನಾಲ್ಕೇ ವರ್ಷವಾಗಿತ್ತು. ಅವರ ದನಿ ಏರುವ ಜಾಗದಲ್ಲಿ ಇವರು ತಮ್ಮ ದನಿಯನ್ನು ಇನ್ನಷ್ಟು ತಗ್ಗಿಸುತ್ತಾರೆ. ಜೊತೆಗಾರ್ತಿಯ ದನಿ ಮುಳುಗದಂತೆ ನೋಡಿಕೊಳ್ಳುವ ಈ ಎಚ್ಚರವೇ ಇವರಿಬ್ಬರ ಹಾಡುಗಾರಿಕೆಯ ಬೇರು. 'ಎರಡು ಕನಸು' 1974ರದ್ದು, ಮೈಸೂರಿನ ರಾಜನ್-ನಾಗೇಂದ್ರ ಸಹೋದರರ ಸಂಗೀತ. ಅಷ್ಟು ಹೊತ್ತಿಗೆ ಜಾನಕಿಯವರ ಕಂಠ ಪೂರ್ತಿ ಪಳಗಿದೆ, ತಗ್ಗಿಸಿಕೊಳ್ಳುವ ಕೆಲಸವನ್ನು ಅವರೂ ಕಲಿತಿದ್ದಾರೆ. ಅಲ್ಲಿ ಯಾರು ಯಾರಿಗೆ ಜಾಗ ಬಿಟ್ಟರು ಎಂದು ಹೇಳುವುದು ಕಷ್ಟ. ಹದಿಮೂರು ವರ್ಷದ ಈ ನಡಿಗೆ ಡಬ್ಬದ ಕ್ರಮದಲ್ಲಿ ಕೇಳಿದರೆ ಕಿವಿಗೆ ಬೀಳುವುದೇ ಇಲ್ಲ.

ಶ್ರೀನಿವಾಸ್ ದನಿಗೆ ಶಕ್ತಿ ಸಾಲದು, ಮೇಲಿನ ಸ್ಥಾಯಿಯಲ್ಲಿ ಗರ್ಜನೆ ಇಲ್ಲ ಎಂದು ಹೇಳುವವರನ್ನು ನಾವು ಬಲ್ಲೆವು. ಗರ್ಜನೆ ಬೇಕಾದವರಿಗೆ ಘಂಟಸಾಲ ಇದ್ದರು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಮೆಲುದನಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ತಂಬಾಕಿನ ಸೀಸನ್ನಿನಲ್ಲಿ ಬ್ಯಾರನ್‌ಗಳ ಮುಂದೆ ಹಗಲು ರಾತ್ರಿ ಕಾಯಬೇಕು. ಬೆಂಕಿ ಹೆಚ್ಚಾದರೆ ಸೊಪ್ಪು ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಅಬ್ಬಾ ಸೌದೆ ವ್ಯಾಪಾರ ಮಾಡುತ್ತಿದ್ದರು. ಗಾಡಿ ಸೌದೆ ಇಳಿಸಿ ಹೊತ್ತಾದರೆ ರಾತ್ರಿ ಬ್ಯಾರನ್ನಿನ ಪಕ್ಕದಲ್ಲೇ ಉಳಿಯುತ್ತಿದ್ದರು, ಕೆಲವು ಸಲ ನಾವೂ ಜೊತೆಗಿರುತ್ತಿದ್ದೆವು. ಸೌದೆ ಹಾಕುವವರು ಟೇಪ್ ರೆಕಾರ್ಡರನ್ನು ಸಣ್ಣಗೆ ಇಟ್ಟುಕೊಂಡಿರುತ್ತಿದ್ದರು. ಒಳಗೆ ಮಲಗಿದವರು ಏಳಬಾರದು, ಹೊರಗೆ ಕೂತವನು ನಿದ್ದೆ ಹೋಗಬಾರದು. ಆ ಎರಡಕ್ಕೂ ಹೊಂದುವ ಕಂಠ ಅದೊಂದೇ ಇತ್ತು.

ನಮ್ಮ ಮನೆಯ ಮಾತು ಉರ್ದು, ನಿಜ ಹೇಳಬೇಕೆಂದರೆ ದಖನಿ. ಮೊದಲ ಅಕ್ಷರ ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡ ಶಾಲೆಗೆ ಹೋದಾಗ ನಮ್ಮ ನಾಲಿಗೆಗೆ 'ಳ' ಬರುತ್ತಿರಲಿಲ್ಲ. 'ಖ', 'ಘ' ಎಲ್ಲ ಲೀಲಾಜಾಲ, 'ಹ'ಕಾರವೂ ಸಹಪಾಠಿಗಳಿಗಿಂತ ಚೆನ್ನಾಗಿತ್ತು. ಆದರೆ 'ಬೆಳಗು' ಎನ್ನಬೇಕಾದಲ್ಲಿ 'ಬೆಲಗು' ಎಂದು ಇಡೀ ತರಗತಿಯನ್ನು ನಗಿಸಿದ್ದೆವು. ಆ 'ಳ' ನಮಗೆ ಬಂದದ್ದು ಮೇಷ್ಟರ ಬೆತ್ತದಿಂದಲ್ಲ. ಬೇಂದ್ರೆಯವರ 'ಬೆಳಗು' ಕವಿತೆಯನ್ನು 'ಬೆಳ್ಳಿಮೋಡ' ಚಿತ್ರಕ್ಕೆ ವಿಜಯಭಾಸ್ಕರ್ ರಾಗ ಹಾಕಿ ಜಾನಕಿಯವರಿಂದ ಹಾಡಿಸಿದ್ದರು. ಕೆ.ಆರ್. ನಗರದಲ್ಲಿ ಮಾಮು ಮನೆಯ ಹತ್ತಿರ ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಕೊಡುವ ಅಂಗಡಿಯೊಂದಿತ್ತು. ಅಲ್ಲಿ ಆ ಹಾಡನ್ನು ಎರಡು ಸಲ ತುಂಬಿಸಿಕೊಂಡು ಬಂದು, ರಿವೈಂಡ್ ಮಾಡಿ ಮಾಡಿ, ನಾಲಿಗೆ ಮಡಿಸುವುದನ್ನು ಕಲಿತೆವು. ಜಾನಕಿಯವರು ಹುಟ್ಟಿದ್ದು ಆಗ ಗುಂಟೂರು ಜಿಲ್ಲೆಯಲ್ಲಿದ್ದ ರೇಪಲ್ಲೆಯ ಕಡೆ, ಶ್ರೀನಿವಾಸ್ ಅವರದು ಕಾಕಿನಾಡ. ಇಬ್ಬರ ಮನೆಮಾತೂ ಕನ್ನಡವಲ್ಲ. ಹೊರಗಿನಿಂದ ಬಂದು ಭಾಷೆಯನ್ನು ಕೇಳಿ ಕೇಳಿ ತಿದ್ದಿಕೊಂಡ ಇಬ್ಬರು, ಇಲ್ಲೇ ಹುಟ್ಟಿಯೂ ಭಾಷೆಯ ಹೊಸ್ತಿಲಲ್ಲಿ ನಿಂತಿದ್ದ ಹುಡುಗನಿಗೆ ಕನ್ನಡ ಕಲಿಸಿದರು.

ಡಬ್ಬದ ಹಾಳೆ ನೋಡಿ ನಮಗೆ ಸಿಟ್ಟು ಬಂದದ್ದು ಇಲ್ಲೇ. ಆ ಹಾಡಿನ ಮುಂದೆ ಬೇಂದ್ರೆಯವರ ಹೆಸರಿಲ್ಲ, ವಿಜಯಭಾಸ್ಕರ್ ಇಲ್ಲ. 1967ರ ಆ ಚಿತ್ರವನ್ನು ನಿರ್ದೇಶಿಸಿದ ಪುಟ್ಟಣ್ಣ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನವರು ಎಂದು ಬರೆಯಿರಿ ಅಂತ ನಾವು ಕೇಳುವುದಿಲ್ಲ, ಅದು ನಮ್ಮ ಊರಿನ ಅಭಿಮಾನ. ಕವಿಯ ಹೆಸರನ್ನಾದರೂ ಬರೆಯಬೇಡವೇ? ಬೇಂದ್ರೆಯವರನ್ನು ಪಠ್ಯಪುಸ್ತಕಕ್ಕಿಂತ ಮೊದಲು ಕ್ಯಾಸೆಟ್ಟಿನಲ್ಲಿ ಭೇಟಿಯಾದವರು ನಾವೊಬ್ಬರೇ ಅಲ್ಲ. ಎಚ್.ಡಿ. ಕೋಟೆಯ ನಮ್ಮ ಖಾಲಾ ಶಾಲೆಗೇ ಹೋದವರಲ್ಲ, 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ವಿರಹದ ಹಾಡನ್ನು ಒಂದಕ್ಷರ ತಪ್ಪದೆ ಗುನುಗುತ್ತಿದ್ದರು. ಎಡಕಲ್ಲು ಇರುವುದು ಅವರ ತಾಲ್ಲೂಕಿನ ಗಡಿಯಾಚೆ ವಯನಾಡಿನಲ್ಲಿ ಎಂಬುದು ಮಾತ್ರ ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ಇನ್ನೊಂದು ಮೌನ ಇದಕ್ಕಿಂತ ದೊಡ್ಡದು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು, ರಾಜ್‌ಕುಮಾರ್ ಅದರಲ್ಲಿ ತಾವೇ ಹಾಡಿದರು, ಮುಂದೆ ತಮ್ಮ ಚಿತ್ರಗಳಿಗೆ ತಾವೇ ಹಾಡತೊಡಗಿದರು. ಅದಕ್ಕೆ ಯಾರನ್ನೂ ದೂರುವಂತಿಲ್ಲ, ರಾಜ್ ಅವರ ಕಂಠ ರಂಗಭೂಮಿಯಲ್ಲಿ ಬೆಳೆದ ಕಂಠ. ಆದರೆ ಎರಡು ದಶಕದ ಹತ್ತಿರ ಹತ್ತಿರ ಒಬ್ಬ ನಟನ ದನಿಯಾಗಿದ್ದ ಗಾಯಕನಿಗೆ ಆಮೇಲೆ ಏನಾಯಿತು? 1977ರ 'ಬಭ್ರುವಾಹನ' ನೋಡಿ. ನಿರ್ದೇಶಕರು ನಮ್ಮ ಹುಣಸೂರು ಕೃಷ್ಣಮೂರ್ತಿ. ಅರ್ಜುನನೂ ಬಭ್ರುವಾಹನನೂ ರಾಜ್‌ಕುಮಾರರೇ. ತಂದೆ-ಮಗ ಪರಸ್ಪರ ಹಂಗಿಸುವ ಹಾಡಿನಲ್ಲಿ ಒಂದು ಪಾತ್ರಕ್ಕೆ ಶ್ರೀನಿವಾಸ್ ದನಿ, ಇನ್ನೊಂದಕ್ಕೆ ಸ್ವತಃ ರಾಜ್ ದನಿ. ಅದೇ ಚಿತ್ರದ ಪ್ರೇಮಗೀತೆಯಲ್ಲಿ ಜಾನಕಿಯವರ ಜೊತೆಗೆ ಹಾಡಿದವರು ರಾಜ್. ಒಂದು ಜೋಡಿ ಬೇರೆಯಾಗುವುದನ್ನು ಇಷ್ಟು ಸ್ಪಷ್ಟವಾಗಿ ಕೇಳಿಸುವ ದಾಖಲೆ ಇನ್ನೊಂದಿಲ್ಲ. ಡಬ್ಬದಲ್ಲಿ ಇವೆರಡೂ ಇಲ್ಲ. ಅದೇ ವರ್ಷದ 'ಸೊಸೆ ತಂದ ಸೌಭಾಗ್ಯ'ದ ರವಿವರ್ಮನ ಹಾಡು ಮಾತ್ರ ಇದೆ, ಶ್ರೀನಿವಾಸ್-ಜಾನಕಿ ಜೊತೆಯಾಗಿ ಹಾಡಿದ್ದು, ವಿಷ್ಣುವರ್ಧನ್ ಚಿತ್ರದ್ದು. ಹಿನ್ನೆಲೆ ಗೊತ್ತಿಲ್ಲದವರಿಗೆ ಅದು ಮತ್ತೊಂದು ಇಂಪಾದ ಹಾಡು. ಗೊತ್ತಿರುವವರು ಬೇರೆ ಏನನ್ನೋ ಕೇಳುತ್ತಾರೆ. ಆ ಕಂಠಕ್ಕೆ ನಲವತ್ತೇಳು ವರ್ಷ, ಮೊದಲಿನ ಮನೆ ಕೈತಪ್ಪಿದೆ, ಆದರೂ ಅವಸರವಿಲ್ಲ, ದೂರಿಲ್ಲ. ನಮ್ಮ ಮಟ್ಟಿಗೆ ಇಡೀ ಡಬ್ಬದಲ್ಲಿ ಅತಿ ಒಳ್ಳೆಯ ಹಾಡು ಅದೇ.

ಅವಕಾಶ ಕಡಿಮೆಯಾದ ಮೇಲೆ ಶ್ರೀನಿವಾಸ್ ಬರೆಯುತ್ತ ಕೂತರು. ಎಂಟು ಭಾಷೆಗಳಲ್ಲಿ ಕವಿತೆ ಬರೆದರು, ಅವುಗಳಲ್ಲಿ ಉರ್ದು ಒಂದು. ಗಜಲುಗಳೆಂದರೆ ಅವರಿಗೆ ಪ್ರಾಣ. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನು ಸಿಕ್ಕಿಸಿಕೊಂಡು ಬರೆಯುತ್ತಿದ್ದ ಅವರನ್ನು ಕಂಡವರು ಬಹಳ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಅದರ ಮೇಲೆ ಇಂಗ್ಲಿಷಿನಲ್ಲಿ ಹಾಡು ಬರೆದು ಜಾನಕಿಯವರನ್ನೂ ಸೇರಿಸಿಕೊಂಡು ರೆಕಾರ್ಡ್ ತಂದವರು ಇವರೇ. ಅಂಥ ತಟ್ಟೆಯೊಂದು ಈ ಡಬ್ಬದಲ್ಲಿದ್ದರೆ ಎಷ್ಟು ಚೆನ್ನಾಗಿತ್ತು! ಅವರ ಕನ್ನಡ ಹಾಡುಗಳಲ್ಲಿ ಗಜಲಿನ ನಿಲುಗಡೆಯಂಥದ್ದೇನೋ ಇದೆ ಎಂದು ಅಬ್ಬಾ ಹೇಳುತ್ತಿದ್ದರು. ಸಾಲಿನ ಕೊನೆಯ ಪದವನ್ನು ತಕ್ಷಣ ಕೈಬಿಡದೆ ಸ್ವಲ್ಪ ಹೊತ್ತು ಹಿಡಿದಿಡುವುದನ್ನು ತೋರಿಸಿ, "ಸುನ್ ಬೇಟಾ, ಯೆ ಆದ್ಮಿ ಶಾಯರ್ ಹೈ" ಎನ್ನುತ್ತಿದ್ದರು. ಅವರು ಹಾಗೆ ಹೇಳುವಾಗ ಶ್ರೀನಿವಾಸ್ ಉರ್ದುವಿನಲ್ಲಿ ಬರೆಯುತ್ತಾರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಾದದ್ದು 2013ರ ಏಪ್ರಿಲ್‌ನಲ್ಲಿ, ಅವರು ತೀರಿಕೊಂಡ ಸುದ್ದಿಯ ಜೊತೆಗೆ. ಅಬ್ಬಾ ಆಗ ಇರಲಿಲ್ಲ.

ಜಾನಕಿಯವರು ವೇದಿಕೆಯ ಹಾಡಿಗೆ ವಿದಾಯ ಹೇಳಿದ್ದು ಮೈಸೂರಿನಲ್ಲಿ, 2017ರ ಅಕ್ಟೋಬರ್ 28ರಂದು, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ. ಹಿಂದಿನ ಸಾಲುಗಳಲ್ಲಿ ನಾವೂ ಕೂತಿದ್ದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪ್ರತಿ ಹಾಡಿಗೂ ಮುಂಚೆ ಗೀತರಚನೆಕಾರರ ಹೆಸರು ಹೇಳುತ್ತಿದ್ದರು, ತಮಗೆ ತಾವೇ ಎಂಬಂತೆ.

ಮಗಳು ಈಗ ಡಬ್ಬದ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡಿದ್ದಾಳೆ. ಗೊತ್ತಿರುವ ಹೆಸರುಗಳನ್ನು ನಾವು ಹೇಳುತ್ತಿದ್ದೇವೆ, ಅವಳು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಎರಡನೆಯ ತಟ್ಟೆಯ ಅರ್ಧಕ್ಕೆ ಬಂದು ನಿಂತಿದ್ದೇವೆ. ಪಿರಿಯಾಪಟ್ಟಣದಲ್ಲಿ ಹಳೆಯ ಹಾಡಿನ ಪುಸ್ತಕಗಳನ್ನು ಇಟ್ಟುಕೊಂಡಿರುವ ಗೆಳೆಯರೊಬ್ಬರಿದ್ದಾರೆ, ಭಾನುವಾರ ಅವರಲ್ಲಿಗೆ ಹೋಗಬೇಕು.