ಗರ್ಭಕೋಶದ ಪರದೆಗೆ ಕತ್ತರಿ ಹಾಕುವ ಮುನ್ನ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಎರಡು ಮೂರು ಸಲ ಗರ್ಭ ನಿಲ್ಲದಿದ್ದರೆ ಹೆಚ್ಚಿನ ತಪಾಸಣೆಗೆ ಶಿವಮೊಗ್ಗವನ್ನೋ ಬೆಂಗಳೂರನ್ನೋ ಹಿಡಿಯುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಒಳಗೆ ಹುಟ್ಟಿನಿಂದ ಬಂದ ಪರದೆ ಕಂಡರೆ, ಅದನ್ನು ಕತ್ತರಿಸಿದರೆ ಮಗು ನಿಲ್ಲುತ್ತದೆ ಎಂಬ ಭರವಸೆ ಸಿಗುತ್ತದೆ. ಇದಕ್ಕೆ ಬಹುಕಾಲ ಆಧಾರವಾಗಿದ್ದದ್ದು 'ಮುಂಚೆ–ಆಮೇಲೆ' ಲೆಕ್ಕ. ಹಲವು ಅಧ್ಯಯನಗಳನ್ನು ಕೂಡಿಸಿ 2000ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಶಸ್ತ್ರಚಿಕಿತ್ಸೆಗೆ ಮುಂಚೆ ಶೇ 88ರಷ್ಟು ಗರ್ಭಗಳು ಇಳಿದುಹೋಗಿದ್ದವು, ಆಮೇಲೆ ಶೇ 14 ಮಾತ್ರ. ಈ ಅಂಕಿಯನ್ನು ನಂಬಿ ಯಾರನ್ನೂ ಆಪರೇಷನ್ ಟೇಬಲ್ ಮೇಲೆ ಮಲಗಿಸಬಾರದು. ಆ ಮಹಿಳೆಯರು ಶಸ್ತ್ರಚಿಕಿತ್ಸೆಗೆ ಬಂದದ್ದೇ ಗರ್ಭಪಾತ ಆಗಿದ್ದರಿಂದ. ಅಂದಮೇಲೆ ಮುಂಚಿನ ಲೆಕ್ಕ ಕೆಟ್ಟದಾಗಿ ಇರಲೇಬೇಕು. ಪರದೆ ಇದ್ದೂ ಸಲೀಸಾಗಿ ಹೆತ್ತವರು ಅದರಲ್ಲಿ ಸೇರಲೇ ಇಲ್ಲ. ಮೇಲಿಂದ ಮೇಲೆ ಗರ್ಭ ಕಳೆದುಕೊಂಡವರಲ್ಲೂ ಅನೇಕರಿಗೆ ಯಾವ ಚಿಕಿತ್ಸೆಯೂ ಇಲ್ಲದೆ ಮುಂದಿನ ಸಲ ಮಗು ಉಳಿಯುತ್ತದೆ.

ಸರಿಯಾದ ಹೋಲಿಕೆ ಬಂದದ್ದು 2021ರಲ್ಲಿ. ನೆದರ್‌ಲ್ಯಾಂಡ್ಸ್, ಬ್ರಿಟನ್, ಅಮೆರಿಕ, ಇರಾನ್‌ಗಳ ಆಸ್ಪತ್ರೆಗಳಲ್ಲಿ ನಡೆದ 'ಟ್ರಸ್ಟ್' ಪ್ರಯೋಗದಲ್ಲಿ ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಪರದೆ ಕತ್ತರಿಸಿಕೊಂಡ 39 ಮಂದಿಯಲ್ಲಿ 12 ಮಂದಿಗೆ ಜೀವಂತ ಹೆರಿಗೆಯಾಯಿತು. ಸುಮ್ಮನೆ ಕಾದ 40 ಮಂದಿಯಲ್ಲಿ 14 ಮಂದಿಗೆ. ಇಷ್ಟು ಸಣ್ಣ ಪ್ರಯೋಗದಿಂದ ಏನು ಸಾಬೀತಾಗುತ್ತದೆ ಎಂದು ಕೇಳುವವರಿದ್ದಾರೆ, ಆ ಆಕ್ಷೇಪ ನ್ಯಾಯವಾದದ್ದೇ. ಲಾಭವೇ ಇಲ್ಲ ಎಂದು ಇದರಿಂದ ತೀರ್ಮಾನಿಸಲಾಗದು. ಆದರೆ ಲಾಭವಿದೆ ಎಂದು ತೋರಿಸಿಕೊಡುವ ಹೊಣೆ ಕತ್ತರಿ ಹಿಡಿದವರದು, ಕಾಯುವವಳದಲ್ಲ.

ಹೊಟ್ಟೆ ಕೊಯ್ಯುವುದಿಲ್ಲ, ಯೋನಿಮಾರ್ಗವಾಗಿ ಕ್ಯಾಮೆರಾ ಇಳಿಸಿ ಕತ್ತರಿಸುತ್ತಾರೆ, ನಷ್ಟವೇನು ಎಂಬ ಮಾತೂ ಇದೆ. ಗರ್ಭಕೋಶಕ್ಕೆ ತೂತು ಬೀಳಬಹುದು, ಒಳಗೋಡೆಗಳು ಅಂಟಿಕೊಳ್ಳಬಹುದು; ಮುಂದಿನ ಬಸಿರಿನಲ್ಲಿ ಗರ್ಭಕೋಶ ಬಿರಿದ ಪ್ರಕರಣಗಳೂ, ಅಪರೂಪವಾದರೂ, ವರದಿಯಾಗಿವೆ. ಇದಕ್ಕಿಂತ ದೊಡ್ಡ ಅಪಾಯ ರೋಗನಿರ್ಣಯದಲ್ಲೇ ಇದೆ. ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇಯಲ್ಲಿ ಗರ್ಭಕೋಶದ ಹೊರ ಆಕಾರ ಕಾಣದು. ಪರದೆಯ ಗರ್ಭಕೋಶವೂ ಎರಡು ಕೊಂಬಿನ ಗರ್ಭಕೋಶವೂ ಒಂದೇ ಥರ ತೋರುತ್ತವೆ. ಎರಡನೆಯದನ್ನು ಪರದೆ ಎಂದುಕೊಂಡು ಒಳಗಿನಿಂದ ಕತ್ತರಿಸಿದರೆ ಗರ್ಭಕೋಶವೇ ತೂತಾಗುತ್ತದೆ. ಹೊರ ಅಂಚನ್ನೂ ತೋರಿಸುವ 3ಡಿ ಸ್ಕ್ಯಾನ್ ಅಥವಾ ಎಂಆರ್‌ಐ ಇಲ್ಲದೆ ಮುಂದುವರಿಯುವುದು ತಪ್ಪು.

ಬೇರೆ ಕಾರಣಗಳನ್ನೆಲ್ಲ ಪರೀಕ್ಷಿಸಿಯೂ ಗರ್ಭ ನಿಲ್ಲದವರು, ಆಧಾರ ಇಷ್ಟೇ ಎಂದು ತಿಳಿದುಕೊಂಡು ಶಸ್ತ್ರಚಿಕಿತ್ಸೆಗೆ ಒಪ್ಪಿದರೆ ಅದು ಅವರ ಹಕ್ಕು. ಬೇರಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಪರದೆ ಕಂಡ, ಇನ್ನೂ ಬಸಿರಾಗದ ಹೆಣ್ಣುಮಗಳಿಗೆ ಅದೇ ಸಲಹೆ ಕೊಡುವುದನ್ನು ಒಪ್ಪಲಾಗದು. ಅನಗತ್ಯವಾಗಿ ಗರ್ಭಕೋಶ ತೆಗೆದರೆಂಬ ದೂರು ಕಡೂರು ತಾಲ್ಲೂಕಿನ ಲಂಬಾಣಿ ತಾಂಡಾಗಳಿಂದಲೇ ಎದ್ದಿತ್ತು. ಅಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿ ಜಾರಿಗೆ ತರಲು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಗರ್ಭಕೋಶ ಉಳಿಸಿಯೇ ಮಾಡುವ ಈ ಶಸ್ತ್ರಚಿಕಿತ್ಸೆಗೂ ಅಷ್ಟೇ ಎಚ್ಚರ ಬೇಕು. ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ಹೊರ ಆಕಾರ ನೋಡಿದ್ದೀರಾ, ಮಾಡಿಸದೆ ಕಾದರೆ ಏನಾಗುತ್ತದೆ?