ಸೆಕೆಂಡ್‌ಹ್ಯಾಂಡ್ ಸೂಕ್ಷ್ಮದರ್ಶಕ: ಹೆಸರು ಮತ್ತು ಹೊಂದಾಣಿಕೆ

ಪ್ರಯೋಗಾಲಯಗಳ ಹಳೆಯ ಸೂಕ್ಷ್ಮದರ್ಶಕಗಳನ್ನೂ ಅವುಗಳ ಬಿಡಿಭಾಗಗಳನ್ನೂ ಕೊಳ್ಳುವವರಲ್ಲಿ ಝೈಸ್, ಲೈಟ್ಜ್ ಎಂಬ ಜರ್ಮನ್ ಹೆಸರುಗಳಿಗೆ ಇರುವ ಮನ್ನಣೆ ಆ ಕಂಪನಿಗಳ ಕುಶಲತೆಗೆ ಸಲ್ಲತಕ್ಕದ್ದೇ. ಆದರೆ ಐವತ್ತು ವರ್ಷ ಬಳಕೆಯಾಗಿ ಗುಜರಿಗೋ ಹರಾಜಿಗೋ ಬಂದ ಉಪಕರಣಕ್ಕೂ ಅದೇ ಮನ್ನಣೆಯನ್ನು ಹಚ್ಚಿ ಬೆಲೆ ಕಟ್ಟುವುದು ಸರಿಯಲ್ಲ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಯಂಥ ಊರಿನ ಪ್ರೌಢಶಾಲೆಯೊಂದು ತನ್ನ ಅಲ್ಪ ಹಣದಲ್ಲಿ ಉಪಕರಣ ತಯಾರಿಕೆಗೆ ಹೆಸರಾದ ಹರಿಯಾಣದ ಅಂಬಾಲಾದ ಹೊಸ ಉಪಕರಣವನ್ನು ಕೊಳ್ಳಬೇಕೆ, ಹೆಸರಾಂತ ಕಂಪನಿಯ ಹಳೆಯದನ್ನು ಕೊಳ್ಳಬೇಕೆ ಎಂಬ ಪ್ರಶ್ನೆಗೆ ಕಂಪನಿಯ ಹೆಸರು ಉತ್ತರವಾಗಲಾರದು.

ಈ ಖರೀದಿಯ ಬಹಳಷ್ಟು ತಪ್ಪುಗಳಿಗೆ ಒಂದು ತಿರುಪು ಮೂಲವಾಗಿದೆ. ಸ್ಲೈಡಿಗೆ ಹತ್ತಿರವಿರುವ ವಸ್ತುಮಸೂರದ, ಅಂದರೆ ಅಂಗಡಿಯವರು ಆಬ್ಜೆಕ್ಟಿವ್ ಎನ್ನುವ ಭಾಗದ, ತಿರುಪಿಗೆ ಲಂಡನ್ನಿನ ಮೈಕ್ರೊಸ್ಕೋಪಿಕಲ್ ಸೊಸೈಟಿ 1858ರಲ್ಲಿ ಒಂದು ಪ್ರಮಾಣವನ್ನು ಗೊತ್ತುಮಾಡಿತು; ಸುಮಾರು 20.3 ಮಿ.ಮೀ. ವ್ಯಾಸದ ಆ ತಿರುಪು ಬಹುತೇಕ ತಯಾರಕರಲ್ಲಿ ರೂಢಿಗೆ ಬಂದುದರಿಂದ ಒಬ್ಬರ ಮಸೂರ ಇನ್ನೊಬ್ಬರ ಉಪಕರಣದಲ್ಲಿ ಸಲೀಸಾಗಿ ಕೂರುತ್ತದೆ, ಕೂತದ್ದೆಲ್ಲ ಹೊಂದಿತೆಂದು ಕೊಳ್ಳುವವರು ನಂಬುತ್ತಾರೆ. ಹೊಂದಿಕೆಯನ್ನು ಹೇಳುವುದು ತಿರುಪಲ್ಲ, ಮಸೂರದ ಮೈಮೇಲೆ ಕೊರೆದಿರುವ 160/0.17 ಎಂಬಂಥ ಅಂಕಿ. ಅದರಲ್ಲಿ ಮೊದಲನೆಯದು ಮಸೂರವು ನಿರೀಕ್ಷಿಸುವ ಕೊಳವೆಯ ಉದ್ದ, ಮಿಲಿಮೀಟರುಗಳಲ್ಲಿ. ಲೈಟ್ಜ್‌ನ ಹಳೆಯ ಮಸೂರಗಳಿಗೆ ಈ ಉದ್ದ 170 ಇದ್ದರೆ, ∞ ಗುರುತಿನವಕ್ಕೆ ಕೊಳವೆಯೊಳಗೆ ಮತ್ತೊಂದು ಮಸೂರವೇ ಬೇಕು. ಹಳೆಯ ಜಪಾನೀ ಮಾದರಿಯ 36 ಮಿ.ಮೀ. ಮತ್ತು ನಂತರದ 45 ಮಿ.ಮೀ. ಉದ್ದದ ವಸ್ತುಮಸೂರಗಳನ್ನು ಒಂದೇ ತಿರುಗುಬಿಲ್ಲೆಗೆ ಹಾಕಿದರೆ, ಗಿಡ್ಡದರಿಂದ ಉದ್ದದ್ದಕ್ಕೆ ತಿರುಗಿಸುವಾಗ ಮಸೂರ ಸ್ಲೈಡಿಗೆ ಬಡಿಯುತ್ತದೆ. ಕೆಲವು ತಯಾರಕರು ಬಣ್ಣದ ದೋಷದ ಒಂದು ಪಾಲನ್ನು ಐಪೀಸಿನಲ್ಲಿ, ಅಂದರೆ ಕಣ್ಣಿನ ಕಡೆಯ ಮಸೂರದಲ್ಲಿ, ಸರಿಪಡಿಸಲು ಬಿಟ್ಟಿರುವುದರಿಂದ ಬೇರೆ ಕಂಪನಿಯ ಐಪೀಸು ಹಾಕಿದಾಗ ಚಿತ್ರದ ಅಂಚಿಗೆ ಬಣ್ಣದ ಗೆರೆ ಮೂಡುತ್ತದೆ.

ಎರಡನೆಯ ಅಂಕಿಯಾದ 0.17 ಇನ್ನೂ ಹೆಚ್ಚು ಗಮನ ಬೇಡುತ್ತದೆ, ಏಕೆಂದರೆ ಅದು ಸ್ಲೈಡಿನ ಮೇಲೆ ಹೊದಿಸುವ ಕವರ್‌ಸ್ಲಿಪ್ಪಿನ ದಪ್ಪ. ಹತ್ತು ಪಟ್ಟಿನ ಮಸೂರ ಈ ದಪ್ಪದ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ, 40/0.65 ಎಂದು, ಅಂದರೆ ನಲವತ್ತು ಪಟ್ಟು ಮತ್ತು ಬೆಳಕು ಹಿಡಿಯುವ ಕೋನದ ಅಳತೆ 0.65 ಎಂದು, ಗುರುತಿಸಿದ್ದು ಅಷ್ಟು ಸಹಿಸದು. ಕವರ್‌ಸ್ಲಿಪ್ ಇಲ್ಲದ ರಕ್ತಲೇಪದ ಸ್ಲೈಡನ್ನು ಅದರ ಕೆಳಗಿಟ್ಟರೆ ಚಿತ್ರ ಮಸುಕಾಗುತ್ತದೆ, ಹೀಗಾಗಿ ನಿರ್ದೋಷಿಯಾದ ಮಸೂರವೂ ಕೆಟ್ಟದ್ದೆಂದು ತಿರಸ್ಕೃತವಾಗಬಹುದು. ಒಂದು ಹನಿ ಎಣ್ಣೆ ಬಿಟ್ಟು ಕವರ್‌ಸ್ಲಿಪ್ ಹಾಕಿ ಮತ್ತೆ ನೋಡಿದರೆ ನಿಜ ತಿಳಿಯುತ್ತದೆ. ಇದಕ್ಕೆ ಪ್ರತಿಯಾಗಿ, ಮಾರುವವರು ತೋರಿಸುವ ಈರುಳ್ಳಿಯ ಪೊರೆ ಕೆಟ್ಟ ಮಸೂರದಲ್ಲೂ ಚೆನ್ನಾಗಿಯೇ ಕಾಣುವುದರಿಂದ ಅದನ್ನು ಪರೀಕ್ಷೆಯೆಂದು ಒಪ್ಪಲಾಗದು.

ಹಳೆಯ ಗಾಜಿನ ಗುಣ ಇಂದಿನದಕ್ಕಿಲ್ಲ ಎನ್ನುವ ಅಭಿಮಾನಿಗಳ ವಾದವನ್ನು ಇಲ್ಲಿ ನೇರವಾಗಿ ಎದುರಿಸಬೇಕು. ಪ್ರತಿಫಲನ ತಡೆಯುವ ಲೇಪಕ್ಕೆ ಝೈಸ್ ಕಂಪನಿಯೇ 1935ರಲ್ಲಿ ಪೇಟೆಂಟ್ ಪಡೆಯಿತು. ಅದಕ್ಕಿಂತ ಹಿಂದಿನ ಮಸೂರಗಳಲ್ಲಿ ಗಾಳಿಗೆ ತೆರೆದ ಪ್ರತಿ ಮೈಯಲ್ಲೂ ಶೇ. 4ರಷ್ಟು ಬೆಳಕು ಹಿಂತಿರುಗುತ್ತಿತ್ತು, ಅಂಥ ಹತ್ತು ಮೈಗಳಿದ್ದರೆ ಮೂರನೆಯ ಒಂದು ಭಾಗ ನಷ್ಟ. ಕಾಲಾಂತರದಲ್ಲಿ ಮಸೂರಗಳನ್ನು ಬೆಸೆದ ಅಂಟು ಬಿಡುತ್ತದೆ, ಗ್ರೀಸು ಗಟ್ಟಿಯಾಗುತ್ತದೆ. ಅರೆಮಲೆನಾಡಾದ ಕಲಘಟಗಿಯ ಮಳೆಗಾಲದ ತೇವದಲ್ಲಿ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಬೂಷ್ಟು ಬೆಳೆದು ಲೇಪವನ್ನೂ ಗಾಜನ್ನೂ ತಿನ್ನುತ್ತದೆ. ಯಾವ ಕಂಪನಿಯ ಹೆಸರೂ ಅದನ್ನು ತಡೆದಿಲ್ಲ. ಹಳೆಯದೆಲ್ಲ ಕಸವೆಂದು ಹೊಸ ಕ್ಯಾಮರಾ ಮಾದರಿಗಳನ್ನೇ ಹೊಗಳುವವರ ಮಾತಿಗೂ ಆಧಾರ ಸಾಲದು. ವಿವರವನ್ನು ಕಾಣಿಸುವ ಶಕ್ತಿ ಮಸೂರವು ಬೆಳಕನ್ನು ಎಷ್ಟು ಅಗಲದ ಕೋನದಲ್ಲಿ ಹಿಡಿಯುತ್ತದೆ ಎಂಬುದನ್ನು ಅವಲಂಬಿಸಿದೆ ಎಂದು ಜರ್ಮನ್ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲಿಯೇ ತೋರಿಸಿದ್ದು, ಕ್ಯಾಮರಾ ಆ ಮಿತಿಯನ್ನು ದಾಟಿಸುವುದಿಲ್ಲ.

ಬಿಡಿಭಾಗಗಳ ವ್ಯಾಪಾರದಲ್ಲಿ ತೀರ ಅಲಕ್ಷ್ಯಕ್ಕೆ ಒಳಗಾದದ್ದು ಕಂಡೆನ್ಸರ್, ಅಂದರೆ ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಭಾಗ. ಅದಿಲ್ಲದ ದೇಹಕ್ಕೆ ನೂರು ಪಟ್ಟಿನ ದುಬಾರಿ ಮಸೂರ ಹಾಕುವುದು ಹಣದ ನಷ್ಟವೇ ಸರಿ. ಆದ್ದರಿಂದ ಶಾಲೆಯೊಂದು ಒಂದೇ ಕಂಪನಿಯ, ಒಂದೇ ಕಾಲದ, ಕಂಡೆನ್ಸರ್ ಸಹಿತ ಪೂರ್ಣವಾಗಿರುವ 160 ಮಿ.ಮೀ. ಉಪಕರಣವನ್ನು ತನ್ನದೇ ಸ್ಲೈಡಿನಿಂದ ಪರೀಕ್ಷಿಸಿ ಕೊಳ್ಳುವುದು ಒಳ್ಳೆಯ ಖರೀದಿ. ಬಿಡಿ ಮಸೂರಗಳನ್ನು ಹೆಸರು ನೋಡಿ ಕೂಡಿಸಿಕೊಳ್ಳುವುದಕ್ಕಿಂತ ಅಂಬಾಲಾದ ಹೊಸ ಉಪಕರಣವೇ ಮೇಲು.