ಹಳದಿ ಹಕ್ಕಿಯೂ ನೆರೆಮನೆಯ ಜಗಲಿಯೂ

2024ರ ಜುಲೈ ತಿಂಗಳಲ್ಲಿ 'ಕೂ' ಎಂಬ ಹಳದಿ ಹಕ್ಕಿ ಕೂಗುವುದನ್ನು ನಿಲ್ಲಿಸಿತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕಾ ಅವರು 2020ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಈ ಜಾಲತಾಣ ಟ್ವಿಟರ್‌ಗೆ ಭಾರತದ ಪರ್ಯಾಯವೆಂದು ಹೆಸರಾಗಿತ್ತು. ಅದು ಮೊದಲು ಮಾತಾಡಿದ್ದು ಕನ್ನಡದಲ್ಲಿ. ಇಂಗ್ಲಿಷ್ ಬಾರದವನೂ ತನ್ನ ಅಭಿಪ್ರಾಯವನ್ನು ನಾಡಿನ ಮುಂದಿಡಬಹುದು ಎಂಬ ಅದರ ಭರವಸೆ ಸಣ್ಣದಾಗಿರಲಿಲ್ಲ. ಹಾಗಿದ್ದೂ ಅದು ಮುಚ್ಚಿದಾಗ ಶೃಂಗೇರಿ ತಾಲ್ಲೂಕಿನ ಬೇಗಾರಿನಲ್ಲಾಗಲಿ, ಪಕ್ಕದ ಕೊಪ್ಪ, ನರಸಿಂಹರಾಜಪುರಗಳಲ್ಲಾಗಲಿ ಯಾರೂ ಏನನ್ನೋ ಕಳೆದುಕೊಂಡಂತೆ ನಮಗೆ ಕಾಣಲಿಲ್ಲ. ಏಕೆ?

ನೆಟ್‌ವರ್ಕ್ ಇಲ್ಲದ್ದು ಒಂದು ಕಾರಣವಿರಬಹುದು. 2021ರಲ್ಲಿ ಮಲೆನಾಡಿನ ಕೆಲವು ಹಳ್ಳಿಗಳ ಜನ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಅಭಿಯಾನವನ್ನೇ ನಡೆಸಿದರು. ಆದರೆ ಅದೇ ಗುಡ್ಡಗಳ ನಡುವೆ ವಾಟ್ಸಾಪ್ ಮನೆಮನೆ ಹೊಕ್ಕಿದೆ. ಆದ್ದರಿಂದ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗಿದೆ.

'ಕೂ' ಸುದ್ದಿಗೆ ಬಂದದ್ದು 2021ರ ಫೆಬ್ರವರಿಯಲ್ಲಿ. ರೈತ ಚಳವಳಿಯ ಸಂದರ್ಭದಲ್ಲಿ ನೂರಾರು ಖಾತೆಗಳನ್ನು ತಡೆಹಿಡಿಯಿರಿ ಎಂದು ಕೇಂದ್ರ ಸರಕಾರ ಟ್ವಿಟರ್‌ಗೆ ಹೇಳಿತು. ಟ್ವಿಟರ್ ಪೂರ್ತಿಯಾಗಿ ಒಪ್ಪಲಿಲ್ಲ. ಆಗ ಪಿಯೂಷ್ ಗೋಯಲ್‌ರಂಥ ಸಚಿವರು ಜನರನ್ನು 'ಕೂ'ಗೆ ಕರೆದರು. ಮಾಹಿತಿ ತಂತ್ರಜ್ಞಾನ ಸಚಿವಾಲಯ ತನ್ನ ಉತ್ತರವನ್ನು ಮೊದಲು ಪ್ರಕಟಿಸಿದ್ದೂ ಅಲ್ಲಿಯೇ. ಕನ್ನಡದ ಹೆಸರಿನಲ್ಲಿ ಹುಟ್ಟಿದ ವೇದಿಕೆಯೊಂದು ಹೀಗೆ ಒಂದು ಪಾಳಯದ ಗುರುತಾಗಿಬಿಟ್ಟಿತು. ಉತ್ತುಂಗದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರೇ ವಿದಾಯದ ವೇಳೆ ಹೇಳಿಕೊಂಡರು. ದೊಡ್ಡ ಸಂಸ್ಥೆಗಳೊಡನೆ ನಡೆಸಿದ ಮಾತುಕತೆ ಫಲಿಸದೆ ಅಂಗಡಿ ಮುಚ್ಚಿತು.

ಎದುರು ಪಾಳಯದ ಕಥೆಯೂ ಬೇರೆಯಲ್ಲ. 2019ರ ಕೊನೆಯಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾಯಿತು. ನಾಜಿ ವಂದನೆ ಸಲ್ಲಿಸಲು ನಿರಾಕರಿಸಿ ಕೈಕಟ್ಟಿ ನಿಂತ ಜರ್ಮನ್ ಕಾರ್ಮಿಕನೊಬ್ಬನ ಹಳೆಯ ಚಿತ್ರವನ್ನು ಅವರು ತಮ್ಮ ಖಾತೆಯಲ್ಲಿ ಹಾಕಿಕೊಂಡಿದ್ದರು. ಇದನ್ನು ಪ್ರತಿಭಟಿಸಿ ಅನೇಕ ಉದಾರವಾದಿಗಳು, ಬರಹಗಾರರು ಮಾಸ್ಟಡಾನ್ ಎಂಬ ಜಾಲಕ್ಕೆ ಗುಳೆ ಹೋದರು. ಜಾಹೀರಾತಿಲ್ಲದ, ಒಬ್ಬ ಒಡೆಯನ ಹಿಡಿತದಲ್ಲಿಲ್ಲದ ಆ ಜಾಲ ತಾತ್ವಿಕವಾಗಿ ಒಳ್ಳೆಯದೇ. ಆದರೆ ಆ ಉತ್ಸಾಹವೂ ಬಹುಕಾಲ ಉಳಿಯಲಿಲ್ಲ.

ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಜನ ಅಲ್ಲಿಗೆ ಹೋಗಿ ಮನಸ್ಸು ಬದಲಿಸಲಿಲ್ಲ. ಮನಸ್ಸು ಗಟ್ಟಿಯಾದ ಮೇಲೆ ಅಲ್ಲಿಗೆ ಹೋದರು. ಆಡುವವನೂ ಕೇಳುವವನೂ ಮೊದಲೇ ಒಪ್ಪಿಕೊಂಡಿರುವಲ್ಲಿ ಮಾತಿಗೆ ಏನು ಕೆಲಸ? ಮುಶಾಯಿರಾದಲ್ಲಿ ಕವಿ ಬಾಯಿ ತೆರೆಯುವ ಮೊದಲೇ 'ವಾಹ್ ವಾಹ್' ಎಂದಂತೆ.

ಇದು ನಮ್ಮ ಮೂರು ತಾಲ್ಲೂಕುಗಳಿಗೆ ಬರೀ ತಾತ್ವಿಕ ಪ್ರಶ್ನೆಯಲ್ಲ. ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರು ಬಿಜೆಪಿಯ ಡಿ.ಎನ್. ಜೀವರಾಜ್ ಅವರ ವಿರುದ್ಧ ಗೆದ್ದ ಅಂತರ 1,989 ಮತ. 2023ರಲ್ಲಿ ಅದೇ ಇಬ್ಬರ ನಡುವೆ ಘೋಷಿಸಲಾದ ಅಂತರ ಕೇವಲ 201. ಅಂದರೆ ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು ನಮಗೆ ವಿರುದ್ಧವಾಗಿ ಮತ ಹಾಕಿರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಇಂಥ ಊರಿನಲ್ಲಿ ತಮ್ಮವರೊಡನೆ ಮಾತ್ರ ಮಾತಾಡುತ್ತೇವೆ ಎನ್ನುವವರು ಅರ್ಧ ಊರನ್ನೇ ಬಿಟ್ಟುಕೊಟ್ಟಂತೆ.

ಹಾಗಾದರೆ ಸಾರ್ವಜನಿಕರ ಮನಸ್ಸು ಬದಲಾಗುವುದಾದರೂ ಎಲ್ಲಿ? ಕನ್ನಡದಲ್ಲಿ ಇದಕ್ಕೊಂದು ಹಳೆಯ ನಿದರ್ಶನವಿದೆ. 1980ರಲ್ಲಿ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದೆ ವಾರಪತ್ರಿಕೆ ಆರಂಭಿಸಿದರು. ಮುಖ್ಯಮಂತ್ರಿಗಳ ಹಗರಣ ಓದಲೆಂದು ಅದನ್ನು ಕೊಂಡವನ ಕಣ್ಣಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯೂ ಬಿತ್ತು. ಮುಸ್ಲಿಂ ಮನೆಯ ಹೊಸ್ತಿಲನ್ನೇ ಕಾಣದ ಓದುಗ ನಾದಿರಾಳ ಸಂಕಟಕ್ಕೆ ಮರುಗಿದ. ಆ ಬರಹವನ್ನು ಮೆಚ್ಚದ ಮುಸ್ಲಿಮರೂ ಇದ್ದರು. ಆದರೆ ತಮ್ಮ ಮನೆಯ ಮಾತು ನಾಡಿನ ಮಾತಾದದ್ದನ್ನು ಅವರೂ ಎದುರಿಸಬೇಕಾಯಿತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಕೂಡ ಒಂದು ಕಾಲಕ್ಕೆ ಅದೇ ಪತ್ರಿಕೆಯ ವರದಿಗಾರ್ತಿ. ಓದುಗ ಬಯಸಿದ್ದರ ಜೊತೆಗೆ ಅವನು ಬಯಸದೇ ಇದ್ದುದನ್ನೂ ಒಂದೇ ಹಾಳೆಯಲ್ಲಿ ಕಟ್ಟಿಕೊಟ್ಟದ್ದರಲ್ಲಿ ಆ ಪತ್ರಿಕೆಯ ಶಕ್ತಿಯಿತ್ತು. ಇಂದಿನ ಜಾಲತಾಣಗಳ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ. ಅವು ನಾವು ನಿನ್ನೆ ಮೆಚ್ಚಿದ್ದನ್ನೇ ಇಂದೂ ಬಡಿಸುತ್ತವೆ.

ವಾಟ್ಸಾಪ್ ಗುಂಪುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅಲ್ಲಿ ಹೇಳಿದ್ದು ಹೊರಗಿನವರಿಗೆ ಕಾಣುವುದೇ ಇಲ್ಲ. ಕಾಣದ್ದಕ್ಕೆ ಉತ್ತರ ಕೊಡುವವರು ಯಾರು? 2022ರ ಮಾರ್ಚ್‌ನಲ್ಲಿ ಕಾಪು ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶ ನಿರಾಕರಿಸಲಾಯಿತು. ನೋಡನೋಡುತ್ತಿದ್ದಂತೆ ಆ ಮಾತು ಜಾತ್ರೆಯಿಂದ ಜಾತ್ರೆಗೆ ಹಬ್ಬಿತು. ವರ್ಷಗಳಿಂದ ಅದೇ ಜಾತ್ರೆಗಳಲ್ಲಿ ಬಳೆ, ಆಟಿಕೆ ಮಾರುತ್ತಿದ್ದವರು ಒಮ್ಮೆಲೇ ಪರಕೀಯರಾದರು. ನಮ್ಮ ಸಮುದಾಯದ ಗುಂಪುಗಳೂ ಈ ರೋಗಕ್ಕೆ ಹೊರತಲ್ಲ. ಮೊಹಲ್ಲಾದ ಗುಂಪಿನಲ್ಲಿ ಉರ್ದುವಿನಲ್ಲೋ ಬ್ಯಾರಿಯಲ್ಲೋ ಬರುವ ಧ್ವನಿಸಂದೇಶ ನಿಜವೇ ಎಂದು ಕೇಳುವ ಮೊದಲೇ ಹತ್ತು ಕಡೆ ರವಾನೆಯಾಗುತ್ತದೆ. ಅನ್ಯಾಯಕ್ಕೆ ಒಳಗಾದವರು ತಮ್ಮ ನೋವನ್ನು ತಮ್ಮವರಿಗಷ್ಟೇ ಹೇಳಿಕೊಂಡರೆ ಸಮಾಧಾನ ಸಿಕ್ಕೀತು, ನ್ಯಾಯ ಸಿಗಲಾರದು.

ಇದರ ನಡುವೆ ಬೇರೊಂದು ಬಗೆಯ ಜಾಲವೂ ಇದೆ. ಅದನ್ನು ಯಾರೂ ಪರ್ಯಾಯವೆಂದು ಕರೆಯುವುದಿಲ್ಲ. ಶೃಂಗೇರಿ, ಕೊಪ್ಪ ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಕಾಡುತ್ತಿದೆ. ಈಚಿನ ವರ್ಷಗಳಲ್ಲಿ ಅದಕ್ಕೆ ಎಲೆಚುಕ್ಕಿ ರೋಗವೂ ಸೇರಿದೆ. ಬೋರ್ಡೋ ದ್ರಾವಣವನ್ನು ಎಷ್ಟು ಹೊಡೆಯಬೇಕು, ಇಂದು ರಾಶಿಗೆ ಧಾರಣೆ ಎಷ್ಟು ಎಂದು ಬೆಳೆಗಾರರು ಪರಸ್ಪರ ಕೇಳುವಾಗ ಜಾತಿ, ಧರ್ಮ ಅಡ್ಡ ಬರುವುದಿಲ್ಲ. 2013ರ ಕಸ್ತೂರಿರಂಗನ್ ವರದಿಯ ವಿರುದ್ಧವೂ ಇಲ್ಲಿನವರು ಪಕ್ಷಭೇದವಿಲ್ಲದೆ ದನಿ ಎತ್ತಿದರು. ಆ ವಿರೋಧ ಪೂರ್ತಿ ಸರಿಯೇ ಎಂಬುದನ್ನು ಬೇರೆಯಾಗಿಯೇ ಚರ್ಚಿಸಬೇಕು. ನಾವು ಗಮನಿಸಬೇಕಾದದ್ದು, ಅಲ್ಲಿ ಜನ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡರು ಎಂಬುದನ್ನು. ತನ್ನ ತೋಟ ಉಳಿಸಲು ದಾರಿ ಹೇಳಿದವನ ಬಗ್ಗೆ ಮಾರನೆಯ ದಿನ ಬರುವ ಸುಳ್ಳನ್ನು ನಂಬಲು ಮನುಷ್ಯ ಸ್ವಲ್ಪವಾದರೂ ಹಿಂಜರಿಯುತ್ತಾನೆ. ಆ ಹಿಂಜರಿಕೆಯೇ ರಾಜಕೀಯ ಬದಲಾವಣೆಯ ಮೊದಲ ಮೆಟ್ಟಿಲು.

ಆದ್ದರಿಂದ ಹೊಸ ಹಕ್ಕಿಯೊಂದು ಬಂದು ನಮ್ಮನ್ನು ಉದ್ಧರಿಸೀತೆಂದು ಕಾಯುವುದು ವ್ಯರ್ಥ. ಉರ್ದುವನ್ನೂ ಕನ್ನಡವನ್ನೂ ಕಲಿತ ನಮ್ಮಂಥವರ ಹೊಣೆ ಇಲ್ಲಿ ಇನ್ನೂ ಹೆಚ್ಚು. ಮೊಹಲ್ಲಾದ ಮಾತನ್ನು ಕನ್ನಡದಲ್ಲಿ ಊರಿನ ಮುಂದೆ ಆಡಬೇಕು. ಊರಿನವರ ಪ್ರಶ್ನೆಯನ್ನು, ಅದು ಕಹಿಯಾಗಿದ್ದರೂ, ಮೊಹಲ್ಲಾಕ್ಕೆ ಮುಟ್ಟಿಸಬೇಕು. ವಿರೋಧದ ಮಾತು ಬಂದೊಡನೆ ಗುಂಪು ತೊರೆಯುವ ಚಾಳಿ ಬಿಡಬೇಕು. 201 ಮತಗಳ ಆಚೆ ಇರುವವರೂ ನಮ್ಮ ನೆರೆಹೊರೆಯವರೇ. ಅವರ ಜಗಲಿ ಹತ್ತದೆ ಅವರ ಮನಸ್ಸನ್ನು ಹೊಗಲಾಗದು.